ಋತುಮಾನದ ಓದು: ನಾಚಾರಂ ಪರಿಸರದ ಪ್ರಾಥಮಿಕ ಶಾಲಾ ಗ್ರಂಥಾಲಯಗಳಲ್ಲಿ ಕನ್ನಡ

೧. ಪ್ರಾಸ್ತಾವಿಕ

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಾಲಯವೆಂಬುದು ಬಹುಮಟ್ಟಿಗೆ ಒಂದು ಕಬ್ಬಿಣದ ಬೀರು. ಗ್ರಂಥಪಾಲಕರ ಹುದ್ದೆ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬೀರುವಿನ ಬೀಗದ ಕೈ ಮುಖ್ಯೋಪಾಧ್ಯಾಯರ ಬಳಿ ಇರುತ್ತದೆ. ಪುಸ್ತಕ ಕಳೆದುಹೋದರೆ ಲೆಕ್ಕ ಒಪ್ಪಿಸಬೇಕಾದವರೂ ಅವರೇ ಆದುದರಿಂದ ಬೀರು ತೆರೆಯುವ ಸಂದರ್ಭಗಳು ವರ್ಷದಲ್ಲಿ ಬೆರಳೆಣಿಕೆಯಷ್ಟಾಗುತ್ತವೆ.

ಪುಸ್ತಕಗಳನ್ನು ಒದಗಿಸುವ ವಿಷಯದಲ್ಲಿ ಸರಕಾರದ ಪ್ರಯತ್ನಗಳು ನಡೆದೇ ಇವೆ. ೧೯೮೭ರಲ್ಲಿ ಆರಂಭವಾದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆಯು ಪ್ರಾಥಮಿಕ ಶಾಲೆಗಳಿಗೆ ಕೊಡಬೇಕಾದ ಕನಿಷ್ಠ ಸಾಮಗ್ರಿಯಲ್ಲಿ ಗ್ರಂಥಾಲಯದ ಪುಸ್ತಕಗಳನ್ನೂ ಸೇರಿಸಿತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಪ್ರತಿಯೊಂದು ಶಾಲೆಯಲ್ಲಿಯೂ ವೃತ್ತಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕಗಳನ್ನು ಒಳಗೊಂಡ ಗ್ರಂಥಾಲಯವಿರಬೇಕೆಂದು ವಿಧಿಸುತ್ತದೆ. ೨೦೧೮ರಲ್ಲಿ ಜಾರಿಗೆ ಬಂದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರಕಾರಿ ಶಾಲೆಗಳ ಗ್ರಂಥಾಲಯಕ್ಕೆ ಪ್ರತ್ಯೇಕ ಅನುದಾನದ ಅವಕಾಶವಿದೆ. ಆದ್ದರಿಂದ ಪುಸ್ತಕವಿಲ್ಲವೆಂಬ ಮಾತು ಸಮಸ್ಯೆಯ ಅರ್ಧವನ್ನು ಮಾತ್ರ ಹೇಳುತ್ತದೆ. ಇಂದು ಈ ಪುಸ್ತಕವನ್ನು ಏಕೆ ತೆರೆಯಬೇಕು ಎಂಬ ಮಗುವಿನ ಪ್ರಶ್ನೆಗೆ ಶಾಲೆಯಲ್ಲಿ ಉತ್ತರವಿಲ್ಲದಿರುವುದು ಅದರ ಇನ್ನರ್ಧ.

ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಎರಡು, ಓದುಗನಿಗೆ ತಕ್ಕ ಪುಸ್ತಕ ಮತ್ತು ಪುಸ್ತಕಕ್ಕೆ ತಕ್ಕ ಓದುಗ ಎಂಬ ಪರಸ್ಪರ ಸಂಬಂಧವನ್ನು ಕುರಿತವು. ಎಳೆಯ ಮಕ್ಕಳ ಮಟ್ಟಿಗೆ ಈ ಎರಡರ ನಡುವೆ ಮೂರನೆಯದೊಂದು ಬೇಕಾಗುತ್ತದೆ, ಅದು ಸಮಯ. ತಕ್ಕ ಪುಸ್ತಕವು ತಕ್ಕ ಮಗುವಿನ ಕೈಗೆ ತಕ್ಕ ಕಾಲದಲ್ಲಿ ಬರಬೇಕು. ಈ ಕಾಲವನ್ನು ಗೊತ್ತುಪಡಿಸುವ ಸುಲಭವಾದ, ಖರ್ಚಿಲ್ಲದ ಸಾಧನವೆಂದರೆ ಋತುಮಾನ. ಕನ್ನಡವನ್ನು ಮನೆಯಲ್ಲಿ ಆಡಿ ಶಾಲೆಯಲ್ಲಿ ಓದದ ಮಕ್ಕಳಿಗೆ ಋತುಮಾನವನ್ನು ಅನುಸರಿಸಿದ ಗ್ರಂಥಾಲಯದ ಓದು ಲಿಪಿಯನ್ನು ಉಳಿಸಿಕೊಡುವ ದಾರಿಯಾಗಬಲ್ಲದು ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಹೈದರಾಬಾದಿನ ನಾಚಾರಂ ಪರಿಸರವನ್ನು ಮುಂದಿಟ್ಟುಕೊಂಡು ಅಂಥ ಓದಿನ ಒಂದು ವರ್ಷದ ರೂಪುರೇಷೆಯನ್ನೂ ಒಂದು ಮಾದರಿ ಪಾಠವನ್ನೂ ಇಲ್ಲಿ ಕೊಡಲಾಗಿದೆ.

೨. ನಾಚಾರಂ: ಭಾಷಿಕ ಸನ್ನಿವೇಶ

ನಾಚಾರಂ ಹೈದರಾಬಾದಿನ ಪೂರ್ವಭಾಗದಲ್ಲಿರುವ ಕೈಗಾರಿಕಾ ಪ್ರದೇಶ. ಹಬ್ಸಿಗುಡ, ಮಲ್ಲಾಪುರ, ಉಪ್ಪಲ್ ಇದರ ನೆರೆಯ ಬಡಾವಣೆಗಳು. ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣವೂ ಇಲ್ಲಿಗೆ ದೂರವಲ್ಲ. ದುಡಿಮೆಯನ್ನು ಅರಸಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಿಂದ ಹೈದರಾಬಾದಿಗೆ ಬರುವ ಕುಟುಂಬಗಳು ಇಂತಹ ಕೈಗಾರಿಕಾ ಬಡಾವಣೆಗಳಲ್ಲಿ ನೆಲೆ ನಿಲ್ಲುವುದು ಸಹಜ.

ಈ ವಲಸೆಗೆ ಇತಿಹಾಸದ ಹಿನ್ನೆಲೆಯಿದೆ. ೧೯೪೮ರ ಸೆಪ್ಟೆಂಬರಿನವರೆಗೆ ಕನ್ನಡದ ಈ ಜಿಲ್ಲೆಗಳು ನಿಜಾಮ ಸಂಸ್ಥಾನದ ಭಾಗವಾಗಿದ್ದು ಹೈದರಾಬಾದೇ ಅವುಗಳ ರಾಜಧಾನಿಯಾಗಿತ್ತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಶಿಕ್ಷಣ ಮಾಧ್ಯಮ ಉರ್ದು. ಅಂಥ ಕಾಲದಲ್ಲಿ ಕನ್ನಡವನ್ನು ಕಾಪಾಡಿಕೊಂಡು ಬಂದವರು ನಗರದ ಕನ್ನಡ ಸಂಘಸಂಸ್ಥೆಗಳವರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗನ ಹೆಸರಿನ ವಿದ್ಯಾಸಂಸ್ಥೆಗಳು ಆ ಶ್ರಮದ ಫಲ. ೧೯೫೬ರ ನವೆಂಬರ್ ೧ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಯಿತು. ಗಡಿ ಬದಲಾದರೂ ದುಡಿಮೆಯ ದಾರಿ ಬದಲಾಗಲಿಲ್ಲ. ಅಂದು ರಾಜಧಾನಿಗೆ ಬರುತ್ತಿದ್ದವರು ಇಂದು ನೆರೆರಾಜ್ಯಕ್ಕೆ ಬರುತ್ತಿದ್ದಾರೆ.

ಅದೇ ೧೯೫೬ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ ಸೇರಿದ ೩೫೦-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ತಕ್ಕಷ್ಟು ಸೌಲಭ್ಯ ಕಲ್ಪಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. ಆದರೆ ಒಂದು ಬಡಾವಣೆಯ ಹತ್ತಾರು ಶಾಲೆಗಳಲ್ಲಿ ಚದುರಿಹೋದ ಕನ್ನಡದ ಮಕ್ಕಳಿಗಾಗಿ ಪ್ರತಿ ಶಾಲೆಯಲ್ಲೂ ಕನ್ನಡ ಶಿಕ್ಷಕರನ್ನು ನಿರೀಕ್ಷಿಸುವುದು ಕಷ್ಟ. ಕಾಚಿಗುಡವು ನಾಚಾರಂನ ಪುಟ್ಟ ಮಗು ದಿನವೂ ಹೋಗಿಬರುವಷ್ಟು ಹತ್ತಿರದಲ್ಲಿಲ್ಲ. ಹೀಗಾಗಿ ಇಲ್ಲಿನ ಕನ್ನಡದ ಮಗು ಶಾಲೆಯಲ್ಲಿ ಇಂಗ್ಲಿಷು, ತೆಲುಗು, ಹಿಂದಿಗಳನ್ನು ಓದುತ್ತದೆ. ಮನೆಯಲ್ಲಿ ಕನ್ನಡ ಮಾತನಾಡುತ್ತದೆ. ಆ ಮಗು ಬೆಳೆದು ತನ್ನ ಮಕ್ಕಳೊಡನೆ ಕನ್ನಡ ಆಡಬಹುದು. ಆದರೆ ಕನ್ನಡದ ಒಂದು ಪುಸ್ತಕವನ್ನು ಅವರ ಕೈಗೆ ಕೊಡಲಾರದು. ಲಿಪಿ ಒಂದು ತಲೆಮಾರಿನಲ್ಲಿ ಕಳೆದುಹೋಗುತ್ತದೆ. ಮಾತು ಅದರ ಬೆನ್ನಹಿಂದೆ ಹೋಗುತ್ತದೆ. ಈ ನಷ್ಟಕ್ಕೆ ಪರೀಕ್ಷೆ, ಪಠ್ಯಪುಸ್ತಕ, ಹುದ್ದೆ ಇವು ಯಾವುವನ್ನೂ ಅವಲಂಬಿಸದ ತಡೆಯೊಂದು ಬೇಕು. ಶಾಲೆಯ ಗ್ರಂಥಾಲಯದಲ್ಲಿ ಒಂದು ಕನ್ನಡದ ಅಡ್ಡೆ (ಪುಸ್ತಕದ ಒಂದು ಅರೆ) ಮತ್ತು ವಾರಕ್ಕೊಂದು ಓದಿನ ಅವಧಿ, ಇಷ್ಟು ಸಾಧ್ಯ.

೩. ಓದು ಮತ್ತು ಋತು: ನಮ್ಮ ಪರಂಪರೆ

ಋತುವನ್ನು ಅನುಸರಿಸಿ ಓದುವ ಪದ್ಧತಿ ಅನೇಕ ದೇಶಗಳಲ್ಲಿದೆ. ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೇ ಮಕ್ಕಳಿಗಾಗಿ ಬೇಸಿಗೆ ರಜೆಯ ಓದಿನ ಕಾರ್ಯಕ್ರಮಗಳನ್ನು ಆರಂಭಿಸಿದ್ದವು. ಜಪಾನಿನಲ್ಲಿ ಶರತ್ಕಾಲವನ್ನು ಓದಿನ ಕಾಲವೆಂದು ಭಾವಿಸುತ್ತಾರೆ. ಅಲ್ಲಿನ ವಾಚನ ಸಪ್ತಾಹವು ೧೯೪೭ರಿಂದ ನಡೆದುಬಂದಿದ್ದು ಈಗ ಅಕ್ಟೋಬರ್ ೨೭ರಿಂದ ನವೆಂಬರ್ ೯ರವರೆಗೆ ಎರಡು ವಾರ ನಡೆಯುತ್ತದೆ. ನಮ್ಮ ದೇಶದಲ್ಲಿಯೂ ನವೆಂಬರ್ ೧೪ರಿಂದ ೨೦ರವರೆಗೆ ಗ್ರಂಥಾಲಯ ಸಪ್ತಾಹವನ್ನು ಆಚರಿಸಲಾಗುತ್ತದೆ.

ಇವುಗಳನ್ನು ನೋಡಿ ಋತುಮಾನದ ಓದು ಹೊರಗಿನಿಂದ ಬಂದ ಕಲ್ಪನೆಯೆಂದು ತಿಳಿಯಬೇಕಾಗಿಲ್ಲ. ಮಳೆ ತಡವಾದಾಗ ಊರಿನವರು ಸೇರಿ ಕುಮಾರವ್ಯಾಸ ಭಾರತದ ವಿರಾಟಪರ್ವವನ್ನು ಓದಿಸುವ ವಾಡಿಕೆ ಕನ್ನಡ ನಾಡಿನ ಹಳ್ಳಿಗಳಲ್ಲಿ ಬಹುಕಾಲದಿಂದ ಬಂದುದು. ಶ್ರಾವಣ ಮಾಸದಲ್ಲಿ ಮಠ, ಗುಡಿಗಳಲ್ಲಿ ತಿಂಗಳಿಡೀ ಪುರಾಣ ನಡೆಯುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪುರಾಣದ ಮುಕ್ತಾಯವೆಂದರೆ ಊರ ಹಬ್ಬ. ಚಾಮರಸನ ಪ್ರಭುಲಿಂಗಲೀಲೆ, ಲಕ್ಷ್ಮೀಶನ ಜೈಮಿನಿ ಭಾರತ ಮೊದಲಾದ ಕಾವ್ಯಗಳು ಅಕ್ಷರ ಬಾರದವರ ಬಾಯಲ್ಲೂ ಉಳಿದುದಕ್ಕೆ ಇಂತಹ ವಾಚನಗಳು ಮುಖ್ಯ ಕಾರಣ. ಬಿತ್ತನೆ ಮುಗಿದು ಕಳೆಗೂ ಕೊಯ್ಲಿಗೂ ನಡುವೆ ಸ್ವಲ್ಪ ಬಿಡುವು ಸಿಗುವ ಕಾಲವದು. ಹೊರಗೆ ಮಳೆ ಹಿಡಿದಿರುತ್ತದೆ, ಒಳಗೆ ಜನ ಸೇರಿರುತ್ತಾರೆ. ಬೇಸಾಯದ ಬದುಕು ಓದಿಗೆ ತಾನಾಗಿಯೇ ಒಂದು ಋತುವನ್ನು ಬಿಟ್ಟುಕೊಟ್ಟಿತ್ತು.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಜನ ಗ್ರಂಥಾಭ್ಯಾಸವಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರೆಂದು ಹೊಗಳಿ, ಮುಂದಿನ ಪದ್ಯದಲ್ಲಿ ಕಿರಿಯ ಮಕ್ಕಳ ವಿವೇಕವನ್ನೂ ಹೆಸರಿಸುತ್ತದೆ. ಈ ಮಾತಿನ ಹಿಂದೆ ಕೇಳಿ ಕಲಿತ ಸಮಾಜವೊಂದಿದೆ. ನಗರದ ಬಡಾವಣೆಗೆ ಬಂದ ಕುಟುಂಬಕ್ಕೆ ಆ ಕೇಳ್ಮೆಯ ಆವರಣ ತಪ್ಪಿಹೋಗಿದೆ. ಪುರಾಣ ನಡೆಯುವ ಗುಡಿಯ ಕಟ್ಟೆ ಊರಲ್ಲೇ ಉಳಿಯಿತು. ಶಾಲೆಯ ಗ್ರಂಥಾಲಯವು ಆ ಕಟ್ಟೆಯ ಕೆಲಸವನ್ನು ಚಿಕ್ಕ ಪ್ರಮಾಣದಲ್ಲಿ ವಹಿಸಿಕೊಂಡು, ಕೇಳುವ ಮಗುವನ್ನು ಮೆಲ್ಲಗೆ ಓದುವ ಮಗುವನ್ನಾಗಿ ಮಾಡಬಹುದು.

೪. ಲಿಪಿಯ ಸೇತುವೆ

ತೆಲಂಗಾಣದಲ್ಲಿ ೨೦೧೮ರ ಕಾಯಿದೆಯ ಪ್ರಕಾರ ಎಲ್ಲ ಶಾಲೆಗಳಲ್ಲಿಯೂ ತೆಲುಗನ್ನು ಕಲಿಸಬೇಕು. ಇದು ಕನ್ನಡದ ಮಕ್ಕಳಿಗೆ ಹೊರೆಯೆಂದು ಭಾವಿಸುವವರಿದ್ದಾರೆ. ಲಿಪಿಯ ದೃಷ್ಟಿಯಿಂದ ನೋಡಿದರೆ ಇದೊಂದು ಅನುಕೂಲ. ಕನ್ನಡ, ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ಶಾಸನತಜ್ಞರು ಹಳೆಯ ರೂಪವನ್ನು ತೆಲುಗು–ಕನ್ನಡ ಲಿಪಿಯೆಂದೇ ಕರೆಯುವುದುಂಟು. ಗ, ದ, ನ, ಬ, ಮ, ರ, ಲ, ವ, ಸ ಮೊದಲಾದ ಅಕ್ಷರಗಳನ್ನು ತೆಲುಗು ಬಲ್ಲ ಮಗು ಹೇಳಿಕೊಡದೆಯೇ ಗುರುತಿಸುತ್ತದೆ. ತಲೆಕಟ್ಟಿನ ಆಕಾರ ಮಾತ್ರ ಬೇರೆ. ಬಿಡಿಸಿ ಕಲಿಸಬೇಕಾದವು ಕ, ತ, ಶ ಮೊದಲಾದ ಕೆಲವು ಅಕ್ಷರಗಳು ಮತ್ತು ದೀರ್ಘಸ್ವರದ ಚಿಹ್ನೆಗಳು. ಎರಡನೆಯ ಅಥವಾ ಮೂರನೆಯ ತರಗತಿಯಲ್ಲಿ ತೆಲುಗು ಅಕ್ಷರಗಳು ಕೈಹಿಡಿದ ಮೇಲೆ ಕನ್ನಡವನ್ನು ಆರಂಭಿಸಿದರೆ ಮಗು ವರ್ಣಮಾಲೆಯನ್ನು ಮೊದಲಿನಿಂದ ತಿದ್ದಬೇಕಾಗುವುದಿಲ್ಲ.

ಪದಗಳಲ್ಲಿಯೂ ಇಂತಹ ಸೇತುವೆಗಳಿವೆ. ಹಳಗನ್ನಡದ ಪದಾದಿಯ ಪಕಾರವು ನಡುಗನ್ನಡದ ಕಾಲಕ್ಕೆ ಹಕಾರವಾದುದನ್ನು ನಾವು ಸ್ನಾತಕೋತ್ತರ ತರಗತಿಗಳಲ್ಲಿ ಪಾಠ ಮಾಡುತ್ತೇವೆ. ತೆಲುಗಿನಲ್ಲಿ ಆ ಪಕಾರ ಉಳಿದಿದೆ. ಪುವ್ವು–ಹೂವು, ಪಾಲು–ಹಾಲು, ಪುಲಿ–ಹುಲಿ, ಪಲ್ಲೆ–ಹಳ್ಳಿ ಎಂಬ ಜೋಡಿಗಳನ್ನು ಚೀಟಿಗಳಲ್ಲಿ ಬರೆದು ಹರಡಿದರೆ ನಾಲ್ಕನೆಯ ತರಗತಿಯ ಮಗು ಈ ನಿಯಮವನ್ನು ಆಟವಾಡುತ್ತಲೇ ಕಂಡುಕೊಳ್ಳಬಲ್ಲದು. ಆ ಮಗು ಮುಂದೆಂದಾದರೂ ಹಳಗನ್ನಡವನ್ನು ಓದಬೇಕಾಗಿ ಬಂದರೆ ಅದಕ್ಕೆ ಪಂಪನ ‘ಪೂ’ ಅಪರಿಚಿತವೆನಿಸದು. ಪಂಪನ ಆಶ್ರಯದಾತನಾದ ಅರಿಕೇಸರಿಯ ವೇಮುಲವಾಡವೂ, ಪಂಪನ ತಮ್ಮ ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಪದ್ಯಗಳನ್ನು ಕೆತ್ತಿಸಿದ ಕುರಿಕ್ಯಾಲವೂ ಇರುವುದು ತೆಲಂಗಾಣದಲ್ಲಿಯೇ. ಎರಡು ಭಾಷೆಗಳನ್ನು ಜೊತೆಗಿಟ್ಟು ಓದುವುದು ಈ ನೆಲಕ್ಕೆ ಹೊಸತಲ್ಲ.

೫. ಒಂದು ವರ್ಷದ ಓದು

ತೆಲಂಗಾಣದ ಶಾಲೆಗಳು ಸಾಮಾನ್ಯವಾಗಿ ಜೂನ್ ಎರಡನೆಯ ವಾರದಲ್ಲಿ ತೆರೆದು ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮುಚ್ಚುತ್ತವೆ. ಈ ಅವಧಿಯನ್ನು ನಾಲ್ಕು ಭಾಗ ಮಾಡಿಕೊಳ್ಳಬಹುದು.

(ಅ) ಮುಂಗಾರು: ಶಾಲೆ ತೆರೆಯುವ ಕಾಲ, ಮುಂಗಾರು ಹೈದರಾಬಾದನ್ನು ಮುಟ್ಟುವ ಕಾಲ, ಮೃಗಶಿರ ಮಳೆ ಹೂಡುವ ಕಾಲ ಇವು ಮೂರೂ ಹೆಚ್ಚುಕಡಿಮೆ ಒಂದೇ. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳನ್ನು ಕನ್ನಡಿಗರು ಆ ನಕ್ಷತ್ರದ ‘ಮಳೆ’ ಎನ್ನುತ್ತಾರೆ, ತೆಲುಗರು ‘ಕಾರ್ತೆ’ ಎನ್ನುತ್ತಾರೆ. ಮೃಗಶಿರ ಕಾರ್ತೆಯ ದಿನ ಹೈದರಾಬಾದಿನ ಮೀನುಪೇಟೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಗದ್ದಲವನ್ನು ನಾಚಾರಂನ ಮಗು ಕಣ್ಣಾರೆ ಕಂಡಿರುತ್ತದೆ. ಅಲ್ಲಿಂದಲೇ ಮೊದಲ ಪಾಠ ಆರಂಭವಾಗಲಿ. ರೋಹಿಣಿಯಿಂದ ಸ್ವಾತಿಯವರೆಗಿನ ಹನ್ನೆರಡು ಮಳೆಗಳ ಹೆಸರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಾಕಿ, ಪ್ರತಿ ಮಳೆ ಹುಟ್ಟಿದ ವಾರ ಅದರ ಗಾದೆಯನ್ನು ಮನೆಯಲ್ಲಿ ಕೇಳಿಕೊಂಡು ಬರಲು ಮಕ್ಕಳಿಗೆ ಹೇಳಬಹುದು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬಂಥ ಗಾದೆಗಳನ್ನು ಬಲ್ಲ ಹಿರಿಯರು ಈ ಮನೆಗಳಲ್ಲಿದ್ದಾರೆ. ಮಗು ತಂದ ಗಾದೆ ಚೀಟಿಯಾಗುತ್ತದೆ. ಚೀಟಿ ಓದಿನ ಮೊದಲ ಪಠ್ಯವಾಗುತ್ತದೆ. ಜ್ಯೇಷ್ಠದ ಹುಣ್ಣಿಮೆ ಕನ್ನಡಿಗರಿಗೆ ಕಾರಹುಣ್ಣಿಮೆ, ತೆಲುಗರಿಗೆ ಏರುವಾಕ. ಎರಡರಲ್ಲಿಯೂ ಎತ್ತೇ ನಾಯಕ. ಎರಡು ವಾರದ ಬಳಿಕ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಮಕ್ಕಳು ಜೇಡಿಮಣ್ಣಿನಲ್ಲಿ ಎತ್ತು ಮಾಡಿ, ಅದರ ಒಂದೊಂದು ಅಂಗಕ್ಕೂ ಹೆಸರಿನ ಚೀಟಿ ಅಂಟಿಸುವುದು ಎರಡನೆಯ ತರಗತಿಗೆ ಒಪ್ಪುವ ಚಟುವಟಿಕೆ.

ಶ್ರಾವಣದ ನಾಲ್ಕು ವಾರಗಳನ್ನು ಕೇಳುವ ಓದಿಗೆ ಮೀಸಲಿಡಬೇಕು. ಅಧ್ಯಾಪಕರು ಒಂದು ನೀಳ್ಗತೆಯನ್ನು ಧಾರಾವಾಹಿಯಂತೆ ಗಟ್ಟಿಯಾಗಿ ಓದಿ, ಪ್ರತಿ ವಾರ ಕುತೂಹಲದ ಎಡೆಯಲ್ಲಿ ನಿಲ್ಲಿಸಬೇಕು. ಮುಂದಿನ ಭಾಗ ಯಾವ ಪುಸ್ತಕದಲ್ಲಿದೆಯೆಂದು ತೋರಿಸಿ ಅದನ್ನು ಕಪಾಟಿನಲ್ಲಿ ಎಟುಕುವಂತೆ ಇಟ್ಟರೆ ತಾಳ್ಮೆ ಇಲ್ಲದ ಮಗು ತಾನೇ ತೆಗೆದು ನೋಡುತ್ತದೆ. ಪುರಾಣದ ಕಟ್ಟೆಯಲ್ಲಿ ಇಲ್ಲದಿದ್ದ ಈ ಅನುಕೂಲ ಗ್ರಂಥಾಲಯಕ್ಕಿದೆ.

(ಆ) ಶರತ್ಕಾಲ: ಭಾದ್ರಪದದ ಅಮಾವಾಸ್ಯೆಯಿಂದ ಒಂಬತ್ತು ದಿನ ತೆಲಂಗಾಣದಲ್ಲಿ ಬತುಕಮ್ಮ. ಹೂಗಳನ್ನು ಸುತ್ತು ಸುತ್ತಾಗಿ ಜೋಡಿಸುವ ಈ ಹಬ್ಬದಲ್ಲಿ ತಂಗೇಡು ಹೂವಿಗೆ ಅಗ್ರಸ್ಥಾನ. ಅದು ತೆಲಂಗಾಣದ ರಾಜ್ಯಪುಷ್ಪ. ಕನ್ನಡದಲ್ಲಿ ತಂಗಡಿ ಅಥವಾ ಆವರಿಕೆ. ಮೇಲೆ ಹೇಳಿದ ಪಕಾರ–ಹಕಾರಗಳ ಆಟಕ್ಕೆ ಹೂವಿನ ಈ ಕಾಲವೇ ತಕ್ಕದ್ದು. ಇನ್ನೊಂದು ವಿಷಯ ಮಕ್ಕಳಿಗೆ ಅಚ್ಚರಿ ತರುವಂಥದು. ದಸರೆಯ ದಿನ ಕಣ್ಣಿಗೆ ಬಿದ್ದರೆ ಶುಭವೆಂದು ತೆಲಂಗಾಣದವರು ನಂಬುವ ಪಾಲಪಿಟ್ಟ ಮತ್ತು ಕನ್ನಡದ ನೀಲಕಂಠ ಒಂದೇ ಹಕ್ಕಿ. ಅದು ಎರಡೂ ರಾಜ್ಯಗಳ ರಾಜ್ಯಪಕ್ಷಿ. ಗಾಂಧಿ ಜಯಂತಿಯೂ ಈ ಕಾಲದಲ್ಲಿಯೇ ಬರುತ್ತದೆ. ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’ಯು ಸಾಹಿತ್ಯ ಅಕಾಡೆಮಿಯು ಬಾಲಸಾಹಿತ್ಯ ಪುರಸ್ಕಾರವನ್ನು ಆರಂಭಿಸಿದ ೨೦೧೦ರಲ್ಲಿಯೇ ಆ ಗೌರವ ಪಡೆದ ಕನ್ನಡ ಕೃತಿ. ಐದನೆಯ ತರಗತಿಯ ಮಕ್ಕಳಿಗೆ ಅದರ ಭಾಗಗಳನ್ನು ಓದಿ ಹೇಳಬಹುದು. ನವೆಂಬರ್ ೧೪ರ ಸಪ್ತಾಹದಲ್ಲಿ ಅದುವರೆಗೆ ಓದಿದ ಪುಸ್ತಕಗಳನ್ನು ಮಕ್ಕಳೇ ಪ್ರದರ್ಶನಕ್ಕಿಟ್ಟು ತಂದೆತಾಯಿಗಳಿಗೆ ಪರಿಚಯಿಸಲಿ.

(ಇ) ಚಳಿ ಮತ್ತು ಸುಗ್ಗಿ: ಡಿಸೆಂಬರ್, ಜನವರಿಗಳು ಹಕ್ಕಿ ನೋಡುವ ಕಾಲ, ದೂರದ ನಾಡುಗಳ ಹಕ್ಕಿಗಳು ದಖ್ಖನಿನ ಕೆರೆಗಳಿಗೆ ಬರುತ್ತವೆ. ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ವನ್ನು ಹಿಡಿದುಕೊಂಡು ಶಾಲೆಯ ಅಂಗಳದಲ್ಲೇ ಅರ್ಧ ಗಂಟೆ ನಿಂತರೂ ಸಾಕು. ಚಿತ್ರಕ್ಕೂ ಹಕ್ಕಿಗೂ ಹೋಲಿಕೆ ಹುಡುಕುವ ಮಗು ವಿವರಣೆಯನ್ನೂ ಓದದೆ ಬಿಡುವುದಿಲ್ಲ. ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವುದು ಕಲಬುರಗಿ, ಬೀದರ ಭಾಗದವರಿಗೆ ದೊಡ್ಡ ಸಂಭ್ರಮ. ಅಂದಿನ ಬುತ್ತಿಯಲ್ಲಿ ಏನೇನಿತ್ತೆಂದು ತಾಯಂದಿರಿಂದ ಕೇಳಿ ಬರೆದ ಪಟ್ಟಿ ಒಂದು ಒಳ್ಳೆಯ ಓದಿನ ಸಾಮಗ್ರಿ. ಫೆಬ್ರವರಿ ೨೧ ವಿಶ್ವ ಮಾತೃಭಾಷಾ ದಿನ. ೧೯೫೨ರಲ್ಲಿ ಢಾಕಾದಲ್ಲಿ ತಮ್ಮ ನುಡಿಗಾಗಿ ವಿದ್ಯಾರ್ಥಿಗಳು ಪ್ರಾಣ ತೆತ್ತ ದಿನವದು. ಅಂದು ತರಗತಿಯಲ್ಲಿರುವ ಎಲ್ಲ ಮನೆಮಾತುಗಳಲ್ಲಿಯೂ ಒಂದೊಂದು ಕಥೆ ಕೇಳಿಸಬೇಕು. ಫೆಬ್ರವರಿ ೨೮ರ ವಿಜ್ಞಾನ ದಿನಕ್ಕೆ ಭೂಭೌತ ಮತ್ತು ಜೀವವಿಜ್ಞಾನದ ರಾಷ್ಟ್ರೀಯ ಸಂಶೋಧನಾ ಸಂಸ್ಥೆಗಳು ನೆರೆಯ ಹಬ್ಸಿಗುಡದಲ್ಲಿಯೇ ಇವೆ. ಶಿವರಾಮ ಕಾರಂತರ ‘ಬಾಲಪ್ರಪಂಚ’ದಿಂದ ಮೊದಲಾಗುವ ಕನ್ನಡದ ಮಕ್ಕಳ ವಿಜ್ಞಾನ ಸಾಹಿತ್ಯವನ್ನು ಪರಿಚಯಿಸಲು ಅದು ಸಂದರ್ಭ.

(ಈ) ವಸಂತ, ಬೇಸಿಗೆ: ಯುಗಾದಿ ಎರಡೂ ಭಾಷಿಕರಿಗೆ ಒಂದೇ ದಿನ ಬರುತ್ತದೆ. ಅರವತ್ತು ಸಂವತ್ಸರಗಳ ಹೆಸರುಗಳೂ ಸಮಾನ. ತಾನು ಹುಟ್ಟಿದ ಸಂವತ್ಸರ ಯಾವುದೆಂದು ಪಂಚಾಂಗದಲ್ಲಿ ಹುಡುಕುವುದು ಮಗುವಿಗೆ ಆಕರಗ್ರಂಥವನ್ನು ಬಳಸುವ ಮೊದಲ ಪಾಠವಾಗುತ್ತದೆ. ಏಪ್ರಿಲ್ ೧೪ರಂದು ಅಂಬೇಡ್ಕರರ ಓದನ್ನು ಕುರಿತು ಹೇಳಬೇಕು. ತಮ್ಮ ಪುಸ್ತಕಗಳಿಗೂ ಸ್ಥಳವಿರುವಂತೆ ಮುಂಬಯಿಯಲ್ಲಿ ‘ರಾಜಗೃಹ’ವನ್ನು ಕಟ್ಟಿಸಿದವರು ಅವರು.

ಅದರ ಬೆನ್ನಲ್ಲ್ಲೇ ಬೇಸಿಗೆ ರಜೆ. ಸಾಮಾನ್ಯವಾಗಿ ಈ ಏಳು ವಾರ ಬೀರುವಿಗೆ ಬೀಗ ಬೀಳುತ್ತದೆ. ಕನ್ನಡದ ಮಟ್ಟಿಗೆ ಇದೇ ವರ್ಷದ ಅತಿ ಬೆಲೆಬಾಳುವ ಕಾಲ. ನಾಚಾರಂನ ಮಕ್ಕಳು ಅಜ್ಜಅಜ್ಜಿಯರ ಊರಿಗೆ ಹೋಗಿ ಕನ್ನಡದ ನಡುವೆ ಇರುವುದು ಆಗ ಮಾತ್ರ. ರಜೆಗೆ ಮುನ್ನ ಪ್ರತಿ ಮಗುವಿಗೂ ಎರಡು ಪುಸ್ತಕ ಮತ್ತು ಒಂದು ಬರಿಹಾಳೆಯ ನೋಟುಬುಕ್ಕನ್ನು ಕೊಡಬೇಕು. ಪುಸ್ತಕವನ್ನು ಅಜ್ಜಿಗೆ ಓದಿ ಹೇಳಬೇಕು; ಅಜ್ಜಿ ಹೇಳಿದ ಒಂದು ಕಥೆಯನ್ನು ನೋಟುಬುಕ್ಕಿನಲ್ಲಿ ಬರೆದು ತರಬೇಕು. ಒಂದೆರಡು ಪುಸ್ತಕ ಹರಿಯಬಹುದು, ಕಳೆಯಲೂಬಹುದು. ಬಳಸಿ ಸವೆದ ಪುಸ್ತಕವನ್ನು ನಷ್ಟದ ಲೆಕ್ಕಕ್ಕೆ ಬರೆಯುವ ಪದ್ಧತಿಯನ್ನು ಶಾಲೆಗಳು ಕೈಬಿಡಬೇಕಾಗಿದೆ. ಜೂನ್ ತಿಂಗಳಲ್ಲಿ ಮರಳಿ ಬಂದ ನೋಟುಬುಕ್ಕುಗಳನ್ನು ಹೊಲಿದು ಕಪಾಟಿನಲ್ಲಿಟ್ಟರೆ ಅದು ಆ ಶಾಲೆಯದೇ ಆದ ಕನ್ನಡ ಪುಸ್ತಕ.

೬. ಮಾದರಿ ಪಾಠ: ಬನ್ನಿ

ದಸರಾ ರಜೆಗೆ ಮುಂಚಿನ ವಾರ, ನಾಲ್ಕು ಮತ್ತು ಐದನೆಯ ತರಗತಿಗಳಿಗೆ, ನಲವತ್ತು ನಿಮಿಷದ ಅವಧಿಗೆ ಈ ಪಾಠವನ್ನು ಯೋಜಿಸಿದೆ.

ಮಾತು (೫ ನಿಮಿಷ): ಮೇಜಿನ ಮೇಲೆ ಬನ್ನಿಯ ಒಂದು ಟೊಂಗೆ ಅಥವಾ ಅದರ ಚಿತ್ರ. ಇದರ ಹೆಸರೇನು? ತೆಲುಗಿನ ಮಕ್ಕಳು ಜಮ್ಮಿ ಎನ್ನುತ್ತಾರೆ, ಕನ್ನಡದವರು ಬನ್ನಿ ಎನ್ನುತ್ತಾರೆ, ಸಂಸ್ಕೃತದಲ್ಲಿ ಶಮೀ. ಇದು ತೆಲಂಗಾಣದ ರಾಜ್ಯವೃಕ್ಷ. ದಸರೆಯ ಸಂಜೆ ಇದರ ಎಲೆಯನ್ನು ಬಂಗಾರವೆಂದು ಹಂಚುವುದು ತೆಲಂಗಾಣದಲ್ಲೂ ಉತ್ತರ ಕರ್ನಾಟಕದಲ್ಲೂ ಉಂಟು. ‘ಬನ್ನಿ’ ಎಂಬ ಕರೆಗೂ ‘ಬನ್ನಿ’ ಎಂಬ ಮರಕ್ಕೂ ಕನ್ನಡದಲ್ಲಿ ಒಂದೇ ರೂಪವೆಂಬುದನ್ನು ಮಕ್ಕಳೇ ಹೇಳಲಿ.

ಕೇಳುವುದು (೧೦ ನಿಮಿಷ): ಪಾಂಡವರು ಅಜ್ಞಾತವಾಸಕ್ಕೆ ಹೋಗುವ ಮುನ್ನ ಆಯುಧಗಳನ್ನು ಈ ಮರದಲ್ಲಿ ಬಚ್ಚಿಟ್ಟ ಕಥೆಯನ್ನು ಅಧ್ಯಾಪಕರು ಸರಳ ಗದ್ಯದಲ್ಲಿ ಹೇಳುತ್ತಾರೆ. ಅಂತಃಪುರದಲ್ಲಿ ಕೊಚ್ಚಿಕೊಂಡು ರಣರಂಗದಲ್ಲಿ ನಡುಗಿದ ಉತ್ತರಕುಮಾರನ ಪ್ರಸಂಗದಲ್ಲಿ ಮಕ್ಕಳು ನಗುತ್ತಾರೆ. ಬೃಹನ್ನಳೆ ಅವನನ್ನು ಮರ ಹತ್ತಿಸುವ ಎಡೆಯಲ್ಲಿ ಕಥೆಯನ್ನು ನಿಲ್ಲಿಸಬೇಕು.

ಓದುವುದು (೧೫ ನಿಮಿಷ): ಕಥೆಯ ಉಳಿದ ಭಾಗವನ್ನು ಮೂರು ಮಟ್ಟದ ಹಾಳೆಗಳಲ್ಲಿ ಸಿದ್ಧಪಡಿಸಿರಬೇಕು. ಮೊದಲನೆಯದು ಚಿತ್ರದ ಕೆಳಗೆ ಒಂದೊಂದು ವಾಕ್ಯ, ಎರಡನೆಯದು ಒತ್ತಕ್ಷರ ಕಡಿಮೆ ಇರುವ ಹತ್ತು ವಾಕ್ಯ, ಮೂರನೆಯದು ಒಂದು ಪುಟದ ಗದ್ಯ. ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಬೇಕು. ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಪದ ಗೊತ್ತು. ತೆಲುಗು ಚೆನ್ನಾಗಿ ಓದುವ ಮಗುವಿಗೆ ಅಕ್ಷರ ಬೇಗ ಹೊಳೆಯುತ್ತದೆ. ಒಬ್ಬರಿಗೊಬ್ಬರು ಬೇಕಾಗುತ್ತಾರೆ. ಕನ್ನಡ ಬಲ್ಲವರು ತರಗತಿಯಲ್ಲಿ ಅಲ್ಪಸಂಖ್ಯಾತರಾಗಿದ್ದರೂ ಆ ಹದಿನೈದು ನಿಮಿಷ ಅವರ ನುಡಿ ಎಲ್ಲರಿಗೂ ಬೇಕಾದ ನುಡಿಯಾಗುತ್ತದೆ.

ಹೇಳುವುದು (೭ ನಿಮಿಷ): ನಿನ್ನಲ್ಲಿರುವ ಬೆಲೆಬಾಳುವ ಒಂದನ್ನು ಒಂದು ವರ್ಷ ಬಚ್ಚಿಡಬೇಕಾದರೆ ಎಲ್ಲಿಡುತ್ತೀ? ಉತ್ತರ ಯಾವ ಭಾಷೆಯಲ್ಲಾದರೂ ಬರಲಿ. ಅದರಲ್ಲಿ ಒಂದು ಕನ್ನಡ ಪದವಾದರೂ ಇರಲಿ.

ಎರವಲು (೩ ನಿಮಿಷ): ರಜೆಗೆ ಒಂದು ಪುಸ್ತಕ. ನೆಹರೂ ಬಾಲ ಪುಸ್ತಕಾಲಯ ಮಾಲೆಯ ಕನ್ನಡ ಪುಸ್ತಕಗಳು, ೨೦೦೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್‌ನ ಕನ್ನಡ ಚಿತ್ರಪುಸ್ತಕಗಳು ಈ ವಯಸ್ಸಿಗೆ ತಕ್ಕವು, ಬೆಲೆಯೂ ಕಡಿಮೆ. ಯಾರು ಯಾವ ಪುಸ್ತಕ ಒಯ್ದರು, ಎಂದು ಮರಳಿ ತಂದರು ಎಂಬ ದಾಖಲೆಯನ್ನು ಮಕ್ಕಳೇ ಬರೆಯಲಿ. ಮೌಲ್ಯಮಾಪನಕ್ಕೆ ಈ ದಾಖಲೆ ಸಾಕು. ಮತ್ತೊಂದು ಪುಸ್ತಕ ಕೇಳಿದ ಮಗು ಪಾಠ ಕಲಿತಿದೆ ಎಂದೇ ಅರ್ಥ. ಇಲ್ಲಿ ಪ್ರಶ್ನೋತ್ತರ ಬರೆಸಿದರೆ ಗ್ರಂಥಾಲಯವು ಇನ್ನೊಂದು ತರಗತಿಯಾಗಿಬಿಡುತ್ತದೆ.

೭. ಕೆಲವು ಎಚ್ಚರಿಕೆಗಳು

ಮೊದಲನೆಯದಾಗಿ, ಋತುಮಾನದ ಓದು ಹಬ್ಬಗಳ ಓದಾಗಿ ಕಿರಿದಾಗಬಾರದು. ಋತು ಎಲ್ಲರದು, ಹಬ್ಬ ಹಾಗಲ್ಲ. ನಾಚಾರಂನ ತರಗತಿಯಲ್ಲಿ ಎಲ್ಲ ಧರ್ಮದ ಮಕ್ಕಳೂ ಇರುತ್ತಾರೆ. ಹಿಜರಿ ವರ್ಷ ೩೫೪ ಅಥವಾ ೩೫೫ ದಿನಗಳದಾದುದರಿಂದ ರಮಜಾನು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತ, ಸುಮಾರು ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಯುಗಾದಿ ಹಾಗೆ ಸರಿದುಹೋಗದಿರುವುದಕ್ಕೆ ಅಧಿಕಮಾಸ ಕಾರಣ. ಈ ಎರಡು ಕಾಲಗಣನೆಗಳನ್ನು ಎದುರುಬದುರಿಟ್ಟು ಓದಿಸುವುದು ಐದನೆಯ ತರಗತಿಗೆ ಗಣಿತವೂ ಹೌದು, ನೆರೆಹೊರೆಯ ತಿಳಿವಳಿಕೆಯೂ ಹೌದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡದಲ್ಲಿಯೇ ಹಾಡುವ ಮೊಹರಂ ಪದಗಳು, ರಿವಾಯತುಗಳು ಇವೆಯೆಂಬುದನ್ನೂ ಇಲ್ಲಿ ನೆನೆಯಬೇಕು.

ಎರಡನೆಯದಾಗಿ, ಮನೆಯ ಮಾತನ್ನು ತಿದ್ದುವ ಆತುರ ಕೂಡದು. ಕಲಬುರಗಿ ಕಡೆಯ ಮಗು ಮಳಿ, ಬ್ಯಾಸಿಗಿ, ಹುಣ್ಣಿವಿ, ಅಮಾಸಿ ಎನ್ನುತ್ತದೆ. ಪುಸ್ತಕದಲ್ಲಿ ಮಳೆ, ಬೇಸಿಗೆ, ಹುಣ್ಣಿಮೆ, ಅಮಾವಾಸ್ಯೆ ಎಂದಿರುತ್ತದೆ. ಪದಾಂತ್ಯದ ಎಕಾರ ಇಕಾರವಾಗುವುದು ಆ ಉಪಭಾಷೆಯ ನಿಯಮವೇ ಹೊರತು ಮಗುವಿನ ತಪ್ಪಲ್ಲ. ಚೀಟಿಯ ಒಂದು ಬದಿಯಲ್ಲಿ ಮನೆಯ ರೂಪವನ್ನೂ ಇನ್ನೊಂದು ಬದಿಯಲ್ಲಿ ಪುಸ್ತಕದ ರೂಪವನ್ನೂ ಬರೆಸಿದರೆ ಎರಡೂ ಉಳಿಯುತ್ತವೆ. ಮನೆಯ ರೂಪವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರೆ ಆ ಮಗು ಮುಂದೆ ಶಾಲೆಯಲ್ಲಿ ಕನ್ನಡದ ಬಾಯಿ ತೆರೆಯುವುದಿಲ್ಲ. ಹಾಗೆ ಮುಚ್ಚಿದ ಬಾಯನ್ನು ತೆರೆಸುವುದು ಬೀರುವನ್ನು ತೆರೆಸುವುದಕ್ಕಿಂತ ಕಷ್ಟ.

ಮೂರನೆಯದಾಗಿ, ಕನ್ನಡ ಬಾರದ ಅಧ್ಯಾಪಕರಿರುವ ಶಾಲೆಗಳ ಪ್ರಶ್ನೆ. ಇಲ್ಲಿ ತಿಂಗಳಿಗೊಮ್ಮೆಯಾದರೂ ತಾಯಿ ಅಥವಾ ಅಜ್ಜಿಯೊಬ್ಬರನ್ನು ಕಥೆ ಹೇಳಲು ಕರೆಯಬಹುದು. ಅವರಿಗೆ ಓದು ಬಾರದಿದ್ದರೂ ಅಡ್ಡಿಯಿಲ್ಲ. ಅವರು ಹೇಳಿದ ಕಥೆಯನ್ನು ದೊಡ್ಡ ತರಗತಿಯ ಮಗು ಬರೆದುಕೊಂಡರೆ ಮುಂದಿನ ವಾರದ ಓದಿಗೆ ಸಾಮಗ್ರಿ ಸಿದ್ಧವಾಗುತ್ತದೆ.

೮. ಉಪಸಂಹಾರ

೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಾದೆಡೆ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನ ಬೋಧನೆಯನ್ನು ಶಿಫಾರಸು ಮಾಡಿದೆ. ಶಾಲಾ ಗ್ರಂಥಾಲಯಗಳ ವಿಸ್ತರಣೆಯನ್ನೂ ಹೇಳಿದೆ. ಮೊದಲನೆಯದು ನಾಚಾರಂನಂಥ ಬಹುಭಾಷಿಕ ಬಡಾವಣೆಯಲ್ಲಿ ಕೈಗೂಡಲು ಕಾಲ ಹಿಡಿಯುತ್ತದೆ. ಎರಡನೆಯದನ್ನು ಬರುವ ಜೂನ್ ತಿಂಗಳಲ್ಲಿಯೇ ಆರಂಭಿಸಬಹುದು.

ಇದರಲ್ಲಿ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳ ಪಾತ್ರವೂ ಉಂಟು. ಕರ್ನಾಟಕದ ಹೊರಗಿನ ಕನ್ನಡ ವಿಭಾಗಗಳಿಗೆ ವಿದ್ಯಾರ್ಥಿಗಳ ಕೊರತೆಯೆಂಬ ಚಿಂತೆ ಹಳೆಯದು. ಪ್ರಾಥಮಿಕ ಶಾಲೆಯಲ್ಲಿ ಕನ್ನಡದ ಅಕ್ಷರ ಕಾಣದ ಮಗು ಹದಿನೈದು ವರ್ಷಗಳ ಬಳಿಕ ನಮ್ಮ ತರಗತಿಗೆ ಎಲ್ಲಿಂದ ಬಂದೀತು? ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ಜಾನಪದ ಮತ್ತು ಭಾಷಾವಿಜ್ಞಾನ ಪತ್ರಿಕೆಗಳ ಕ್ಷೇತ್ರಕಾರ್ಯವಾಗಿ ಮೂರು ಕೆಲಸಗಳನ್ನು ವಹಿಸಿಕೊಳ್ಳಬಹುದು: ಋತುವಾರು ಮಕ್ಕಳ ಪುಸ್ತಕಗಳ ಒಂದು ಪಟ್ಟಿ, ತೆಲುಗು ಬಲ್ಲ ಮಕ್ಕಳಿಗಾಗಿ ಕನ್ನಡ ಅಕ್ಷರಗಳ ಒಂದು ಕಿರುಹೊತ್ತಗೆ, ವಲಸೆ ಬಂದ ಕುಟುಂಬಗಳ ಹಿರಿಯರಿಂದ ಮಳೆಗಾದೆ ಮತ್ತು ಕಥೆಗಳ ಸಂಗ್ರಹ. ಮೂರಕ್ಕೂ ಬೇಕಾದ ವಿದ್ವತ್ತು ನಮ್ಮ ವಿಭಾಗಗಳಲ್ಲಿದೆ. ಮೂರೂ ಸೇರಿದರೆ ಒಂದು ಬೀರುವಿನ ಒಂದು ಅರೆಯಷ್ಟಾಗುತ್ತದೆ. ಮೃಗಶಿರ ಮಳೆ ಹೂಡುವ ಮೊದಲು ಆ ಅರೆ ತುಂಬಿರಬೇಕು, ಬೀಗದ ಕೈ ಅಧ್ಯಾಪಕರ ಮೇಜಿನ ಮೇಲಿರಬೇಕು.